ತುಂಬಿದ ಅಕ್ಕಿಗೆ ಸೊನ್ನೆ

ಹಾಸ್ಟೆಲ್ ಅಡುಗೆಯವರ ಬುದ್ಧಿ ಅಳೆಯೋಕೆ ವಾಮನಮೂರ್ತಿ ಅನ್ನೋ ಸಾಹೇಬರು ಬಂದರು. ಫೇಲಾದವರಿಗೆ ಕೆಲಸ ಇಲ್ಲ. ಪುಟ್ಟಗೌರಮ್ಮನಿಗೆ ಬಿದ್ದಿದ್ದು ಒಂದೇ ಪ್ರಶ್ನೆ.

"ಡಬ್ಬದಲ್ಲಿ ಅಕ್ಕಿ ತುಂಬಿದೆ ಅಂತ ಮನೆಯಾಕೆ ಹೇಳಿದಳು. ಅಕ್ಕಿ ಇದೆಯೋ, ಇಲ್ಲವೋ?"

"ಒಂದು ಕಾಳೂ ಇಲ್ಲ ಸಾರ್. ಮುಗೀತು ಅನ್ನಬಾರದು ಅಂತ ನಾವು ತುಂಬಿದೆ ಅಂತೀವಿ."

"ಪದಕ್ಕೆ ಏನು ಅರ್ಥವೋ ಅದೇ ಅರ್ಥ! ಶುದ್ಧ ದಡ್ಡಿ!" ಸಾಹೇಬರು ದಪ್ಪನೆಯ ಸೊನ್ನೆ ಸುತ್ತಿದರು. ಬ್ಯಾಗು ಹೆಗಲಿಗೇರಿಸಿ, "ಬರ್ತೀನಮ್ಮ" ಅಂದರು.

"ಬನ್ನಿ, ಬನ್ನಿ!" ಪುಟ್ಟಗೌರಮ್ಮ ಓಡಿಹೋಗಿ ಬಾಗಿಲು ಹಾಕಿದಳು. ಕುರ್ಚಿ ಒರೆಸಿದಳು. ಕಾಫಿಗೆ ನೀರಿಟ್ಟಳು.

"ನಾನು ಹೊರಟಿದ್ದೀನಿ ಕಣಮ್ಮ!"

"ಬರ್ತೀನಿ ಅಂದ್ರಲ್ಲ ಸಾರ್?"

"ಬರ್ತೀನಿ ಅಂದ್ರೆ ಹೋಗ್ತೀನಿ ಅಂತ! ಅಷ್ಟೂ ತಿಳಿಯಲ್ವಾ?"

"ಪದಕ್ಕೆ ಏನು ಅರ್ಥವೋ ಅದೇ ಅರ್ಥ ಅಂತ ಈಗ ತಾನೇ ಕಲಿತೆ ಸಾರ್. ಆ ಸೊನ್ನೆ ಯಾರದು, ನನ್ನದಾ, ನಿಮ್ಮದಾ?"

ಕಿಟಕಿಯಾಚೆ ಅಡುಗೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾಹೇಬರು ಕೆಂಪಗಾದರು. ಸೊನ್ನೆಯ ಎಡಕ್ಕೆ ಒಂದು ಗೀಟು ಎಳೆದು, ಹತ್ತಕ್ಕೆ ಹತ್ತು ಮಾಡಿದರು.

ಈ ಸಲ ಹೊಸ್ತಿಲಲ್ಲಿ ನಿಂತು, ಬಹಳ ಯೋಚಿಸಿ, "ಹೋಗ್ತೀನಮ್ಮ" ಅಂದರು.

ಪುಟ್ಟಗೌರಮ್ಮ ಬೆಚ್ಚಿಬಿದ್ದಳು. "ಅಯ್ಯೋ, ಬಿಡ್ತು ಅನ್ನಿ ಸಾರ್!"