ಮಸಿ ತಿಕ್ಕುವ ಮೊದಲು

“ಅಜ್ಜಾ, ಮನಸ್ಸು ಒಂದು ಕಡೆ ನಿಲ್ಲದವನು ಕೈಯಲ್ಲಿ ಬರೆಯಬೇಕೋ, ಟೈಪ್ ಮಾಡಬೇಕೋ?”

ಪಂಪಣ್ಣ ಇದನ್ನು ಕೇಳಿದ್ದು ಆಶ್ರಮದ ಜಗಲಿಯ ಮೇಲೆ, ಬೆಳಗಿನ ಪ್ರವಚನ ಮುಗಿದು ಜನ ಎದ್ದು ಹೋದ ಮೇಲೆ. ಅವನ ಒಂದು ಪಕ್ಕದಲ್ಲಿ ಬರೆಯುವ ಪುಸ್ತಕ, ಇನ್ನೊಂದು ಪಕ್ಕದಲ್ಲಿ ಲ್ಯಾಪ್‌ಟಾಪ್. ಎರಡನ್ನೂ ಮುಚ್ಚಿಟ್ಟಿದ್ದ. ಅಜ್ಜನವರು ಆ ಆಶ್ರಮದ ಗುರುಗಳು. ಅವರು ದಿನಾ ಬೆಳಿಗ್ಗೆ ಆಡುವ ಮಾತನ್ನು ಬರೆದಿಡುವುದು ಪಂಪಣ್ಣನ ಕೆಲಸ. ಆ ಕೆಲಸ ನಾಳೆಯಿಂದ ಅವನ ಕೈ ತಪ್ಪುವುದರಲ್ಲಿತ್ತು.

ತಪ್ಪು ಯಾರದ್ದೂ ಅಲ್ಲ, ಅವನದ್ದೇ. ಕೈಯಲ್ಲಿ ಬರೆಯಲು ಕೂತರೆ ಅರ್ಧ ವಾಕ್ಯಕ್ಕೇ ಕಣ್ಣು ಅಂಗಳದ ಬೇವಿನ ಮರಕ್ಕೆ ಹೋಗುತ್ತಿತ್ತು. ಅಲ್ಲೊಂದು ಅಳಿಲು. ಅದು ಕೊಂಬೆಯಿಂದ ಕೊಂಬೆಗೆ ಹೋಗುವುದನ್ನು ನೋಡಿ ಮುಗಿಸುವಷ್ಟರಲ್ಲಿ ಅಜ್ಜನವರು ಬೇರೆ ಮಾತಿಗೆ ಹೋಗಿರುತ್ತಿದ್ದರು. ಪುಸ್ತಕದ ತುಂಬಾ ತಲೆಯಿದ್ದು ಬಾಲವಿಲ್ಲದ ವಾಕ್ಯಗಳು. ಆಮೇಲೆ ಯಾರೋ ಭಕ್ತರು ಲ್ಯಾಪ್‌ಟಾಪ್ ಕೊಟ್ಟರು. ಬೆರಳು ಓಡಿತು. ಅಜ್ಜನವರು ಕೆಮ್ಮಿದ್ದು ಕೂಡ ತಪ್ಪದೆ ಬಂತು. ಆದರೆ ಇವತ್ತು ಏನು ಹೇಳಿದರಪ್ಪಾ ಎಂದು ಊಟದ ಪಂಕ್ತಿಯಲ್ಲಿ ಯಾರಾದರೂ ಕೇಳಿದರೆ ಪಂಪಣ್ಣ ಕಣ್ಣು ಕಣ್ಣು ಬಿಡುತ್ತಿದ್ದ. ಮಾತು ಕಿವಿಯಿಂದ ನೇರ ಬೆರಳಿಗೆ ಹೋಗಿತ್ತು, ತಲೆಯ ಕಡೆ ಹಾಯಲೇ ಇಲ್ಲ.

ಆಶ್ರಮದಲ್ಲಿ ಇದರ ಮೇಲೆ ಎರಡು ಪಕ್ಷವಾಯಿತು. ಹಿರಿಯ ಶಿಷ್ಯ ಚಿದಾನಂದಯ್ಯನವರು, ಕೈಬರಹವೇ ಸಾಧನೆ, ಚಂಚಲಬುದ್ಧಿಗೆ ಅದೇ ಮದ್ದು ಎಂದರು. ಪ್ರವಚನಕ್ಕೆ ಬರುವ ಮೇಷ್ಟ್ರೊಬ್ಬರು, ಇಂಥವರಿಗೆ ಅಕ್ಷರ ತಿದ್ದುವುದರಲ್ಲೇ ಅರ್ಧ ಗಮನ ಖರ್ಚಾಗಿಬಿಡುತ್ತದೆ, ಟೈಪ್ ಮಾಡಲಿ ಬಿಡಿ ಎಂದರು. ಇಬ್ಬರೂ ಪಂಪಣ್ಣನ ಎದುರಿಗೇ ವಾದ ಮಾಡಿದರು. ಕೊನೆಗೆ ಚಿದಾನಂದಯ್ಯನವರು ಬೇಸತ್ತು, ಇವನನ್ನು ಉಗ್ರಾಣಕ್ಕೆ ಹಾಕಿ ಬೇರೆಯವರನ್ನು ಕೂರಿಸೋಣ ಎಂದುಬಿಟ್ಟರು.

ಪಂಪಣ್ಣನಿಗೆ ಅಳು ಬಂದಿತ್ತು. ಮನೆಯಲ್ಲಿ ಅವನಿಗೆ ತಲೆ ನಿಲ್ಲದವನು ಎಂದೇ ಹೆಸರು. ಅಂಗಡಿಯಲ್ಲಿ ನಿಲ್ಲಿಸಿದರು, ಗ್ಯಾರೇಜಿಗೆ ಕಳಿಸಿದರು, ಎಲ್ಲೂ ಬಾಳಲಿಲ್ಲ. ಮೂವತ್ತು ಹತ್ತಿರವಾಗುವ ಹೊತ್ತಿಗೆ, ಬೆಳಿಗ್ಗೆ ಎದ್ದ ಕೂಡಲೇ ಹೋಗಿ ಕೂರಬೇಕು ಎಂದು ಅವನಿಗೆ ಅನಿಸಿದ್ದು ಇದೊಂದೇ ಕೆಲಸ.

ಅಜ್ಜನವರು ಎಲೆಯಡಿಕೆ ಚೀಲ ಬಿಚ್ಚಿದರು. “ಕೈಯೋ ಟೈಪೋ ಅಂತ ಕೇಳ್ತೀಯ. ನಿನಗಿಂತ ಮೊದಲೇ ಒಬ್ಬ ಇದೇ ಪೇಚಿಗೆ ಸಿಕ್ಕಿಹಾಕಿಕೊಂಡಿದ್ದ. ಕೇಳು,” ಎಂದು ಹೇಳತೊಡಗಿದರು.

ಒಂದು ಮಠದಲ್ಲಿ ಒಬ್ಬ ಲಿಪಿಕಾರನಿದ್ದ. ಹಳೆಯ ತಾಳೆಗರಿಗಳನ್ನು ಹೊಸ ಗರಿಗಳ ಮೇಲೆ ನಕಲು ಮಾಡುವುದು ಅವನ ಕೆಲಸ. ಆ ಕಾಲದಲ್ಲಿ ಮಠದಲ್ಲಿ ಕಾಗದವಿರಲಿಲ್ಲ. ಉಕ್ಕಿನ ಮೊನೆಯಿಂದ ಗರಿಯ ಮೇಲೆ ಗೀರಿ ಬರೆಯಬೇಕು. ಹಾಗೆ ಗೀರಿದ ಅಕ್ಷರ ಕಣ್ಣಿಗೆ ಕಾಣುವುದಿಲ್ಲ. ಗರಿ ಪೂರ್ತಿ ಬರೆದಾದ ಮೇಲೆ ಅದಕ್ಕೆ ಎಣ್ಣೆ ಕಲಸಿದ ಮಸಿ ತಿಕ್ಕುತ್ತಾರೆ. ಮಸಿ ಗೀರಿನೊಳಗೆ ಇಳಿಯುತ್ತದೆ. ಆಗ ಅಕ್ಷರ ಎದ್ದು ಕಾಣುತ್ತದೆ.

“ಅಂದರೆ ಬರೆಯುವವನಿಗೆ ತಾನು ಬರೆದದ್ದು ಕಾಣೋದೇ ಇಲ್ಲವಾ?” ಪಂಪಣ್ಣ ಕೇಳಿದ.

“ಮಸಿ ತಿಕ್ಕುವ ತನಕ ಇಲ್ಲ. ಎಲ್ಲಿದ್ದೇನೆ ಅನ್ನುವುದನ್ನು ಮನಸ್ಸಿನಲ್ಲೇ ಹಿಡಿದುಕೊಂಡಿರಬೇಕು.”

ಈ ಲಿಪಿಕಾರನ ಅಕ್ಷರ ಮುದ್ದಾಗಿತ್ತು. ಆದರೆ ಮನಸ್ಸು ನಿಲ್ಲುತ್ತಿರಲಿಲ್ಲ. ಬರೆಯುತ್ತಾ ಬರೆಯುತ್ತಾ ಎಲ್ಲಿಗೋ ಹೊರಟುಬಿಡುತ್ತಿತ್ತು. ತಿರುಗಿ ಬಂದು ನೋಡಿದರೆ ಗರಿ ಖಾಲಿ ಇದ್ದ ಹಾಗೇ ಇದೆ. ಬರೆದೆನೋ ಇಲ್ಲವೋ ತಿಳಿಯದು. ಬರೆದಿಲ್ಲ ಎಂದುಕೊಂಡು ಬರೆಯುವನು. ಆಮೇಲೆ ಮಸಿ ತಿಕ್ಕಿದರೆ ಒಂದು ಸಾಲಿನ ಮೇಲೆ ಇನ್ನೊಂದು ಸಾಲು ಏರಿ ಕೂತಿರುತ್ತಿತ್ತು. ಓದಲು ಬಾರದು, ಅಳಿಸಲೂ ಬಾರದು. ಆ ಗರಿ ಮೂಲೆಗೆ.

ಹೀಗಿರುವಾಗ ಒಬ್ಬ ವ್ಯಾಪಾರಿ ಕಾಗದ ಮತ್ತು ಶಾಯಿ ತಂದ. ಲಿಪಿಕಾರ ಅದರ ಮೇಲೆ ಬರೆದು ನೋಡಿದ. ಅವನಿಗೆ ಹಬ್ಬವಾಯಿತು. ಬರೆದದ್ದು ಬರೆದ ಕೂಡಲೇ ಕಾಣುತ್ತದೆ. ಮನಸ್ಸು ಎಲ್ಲಿಗೆ ಹೋಗಿ ಬಂದರೂ, ನೀನು ಇಲ್ಲಿದ್ದೆ ಎಂದು ಹಸಿ ಶಾಯಿ ತೋರಿಸುತ್ತದೆ. ಕೈಯೂ ಜೋರಾಗಿ ಸಾಗಿತು. ಸಾಲಿನ ಮೇಲೆ ಸಾಲು ಬೀಳುವುದು ನಿಂತಿತು. ಆದರೆ ಜೋರಾಗಿ ಸಾಗುವ ಕೈ ನಡುನಡುವೆ ಇಡೀ ಸಾಲನ್ನೇ ಹಾರಿಸಿತು. ಏನು ಬರೆದೆ ಎಂದು ಕೇಳಿದರೆ ಅವನಿಗೆ ನೆನಪೂ ಇರುತ್ತಿರಲಿಲ್ಲ.

ಮಠದಲ್ಲಿ ಜಗಳ ಹತ್ತಿತು. ಹಳಬರು ಹೇಳಿದರು, ಶಾಯಿಯಲ್ಲಿ ಬರೆಯುವುದು ಸೋಮಾರಿಗಳ ಕೆಲಸ, ಮೊನೆಯಲ್ಲಿ ಗೀರಿದರೇ ಬುದ್ಧಿ ನಿಲ್ಲುತ್ತದೆ ಎಂದು.

ಪಂಪಣ್ಣನಿಗೆ ನಗು ಬಂತು. “ಕೈಯಲ್ಲಿ ಶಾಯಿಯಿಂದ ಬರೆಯುವುದಕ್ಕೇ ಹಾಗಂದರಾ? ನಮ್ಮ ಚಿದಾನಂದಯ್ಯನವರು ಸಾಧನೆ ಅನ್ನುವುದಕ್ಕೆ?”

“ಅವರಿಗೂ ಒಬ್ಬ ಚಿದಾನಂದಯ್ಯ ಇದ್ದನಪ್ಪಾ. ಯಾವ ಮಠಕ್ಕೆ ತಪ್ಪಿದ್ದು?” ಅಜ್ಜನವರು ಅಡಿಕೆ ಬಾಯಿಗೆ ಹಾಕಿಕೊಂಡರು. ಪಂಪಣ್ಣ ಮೊಣಕಾಲು ತಬ್ಬಿಕೊಂಡು ಮುಂದಕ್ಕೆ ಸರಿದ.

ಹೊಸಬರು ಕಾಗದದ ಪಕ್ಷ ಹಿಡಿದರು. ಗಲಾಟೆ ಮಠದ ಸ್ವಾಮಿಯ ತನಕ ಹೋಯಿತು. ಲಿಪಿಕಾರನನ್ನು ಕಳಿಸಿಬಿಡಿ ಎಂದು ಎರಡು ಕಡೆಯವರೂ ಹೇಳಿದರು. ಅಷ್ಟರಮಟ್ಟಿಗೆ ಅವರಲ್ಲಿ ಒಮ್ಮತವಿತ್ತು. ಲಿಪಿಕಾರ ಬರೆದದ್ದನ್ನೆಲ್ಲ ಸ್ವಾಮಿ ತರಿಸಿಕೊಂಡು ಓದಲು ಕೂತ. ಗರಿಗಳಲ್ಲಿ ಬಹಳಷ್ಟು ಕೆಟ್ಟಿದ್ದವು, ಒಂದು ಸಣ್ಣ ಕಟ್ಟು ಮಾತ್ರ ಚೊಕ್ಕಟವಾಗಿತ್ತು. ಕಾಗದದಲ್ಲೂ ಹಾಗೇ, ಕೆಲವು ಹಾಳೆಗಳಲ್ಲಿ ಒಂದಕ್ಷರ ಬಿಟ್ಟುಹೋಗಿರಲಿಲ್ಲ. ಸ್ವಾಮಿ ಆ ಕಟ್ಟನ್ನೂ ಆ ಹಾಳೆಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದ. ಎರಡರಲ್ಲೂ ಇದ್ದದ್ದು ದನಗಳ ರೋಗ ಮತ್ತು ಔಷಧಿಯ ವಿಷಯ.

ಸ್ವಾಮಿ ಲಿಪಿಕಾರನನ್ನು ಕರೆಸಿ ಕೇಳಿದ, “ಇದನ್ನು ಬರೆಯುವಾಗ ಏನು ಮಾಡಿದೆ?”

“ಏನೂ ಮಾಡಲಿಲ್ಲ ಬುದ್ಧಿ. ನಮ್ಮ ಮನೆಯ ಕೆಂದ ಹಸು ಮೇವು ಬಿಟ್ಟಿತ್ತು. ಅದಕ್ಕೆ ಏನಾಗಿದೆ ಅಂತ ಇದರಲ್ಲಿ ಇದ್ದೀತೇನೋ ಎಂದು ಹುಡುಕುತ್ತಾ ಬರೆದೆ.”

“ಗುರುಪರಂಪರೆಯ ಗರಿ ಬರೆಯುವಾಗ?”

“ಅದರಲ್ಲಿ ನಾನು ಹುಡುಕುವಂಥದ್ದು ಏನಿತ್ತು ಬುದ್ಧಿ? ಅದಕ್ಕೇ ಮನಸ್ಸು ಹಸು ನೋಡಲು ಹೋಯಿತು.”

ಸ್ವಾಮಿ ಅವನನ್ನು ಕಳಿಸಲಿಲ್ಲ. ಇನ್ನು ಮೇಲೆ ಯಾವ ಗರಿ ಕೈಗೆ ಬಂದರೂ ಬರೆಯುವ ಮೊದಲು ಅದು ಯಾವುದರ ವಿಷಯ ಎಂದಷ್ಟೇ ನೋಡು, ಇದರಲ್ಲಿ ನನಗೆ ತಿಳಿಯಬೇಕಾದದ್ದು ಏನು ಎಂದು ಒಂದು ಪ್ರಶ್ನೆ ಹುಡುಕಿಕೋ, ಪ್ರಶ್ನೆ ಸಿಗುವ ತನಕ ಮೊನೆಯನ್ನೂ ಮುಟ್ಟಬೇಡ, ಶಾಯಿಯನ್ನೂ ಮುಟ್ಟಬೇಡ ಎಂದ. ಆಮೇಲೆ ಯಾವುದರಲ್ಲಿ ಬರೆಯುವುದು ಎಂಬುದನ್ನು ಅವನಿಗೇ ಬಿಟ್ಟ. ಲಿಪಿಕಾರ ಉದ್ದದ್ದನ್ನು ಕಾಗದದ ಮೇಲೆ ಬರೆದ, ದಾರಿ ತಪ್ಪಿದರೆ ಹಸಿ ಶಾಯಿ ತೋರಿಸಲಿ ಎಂದು. ತನಗೆ ನೆನಪಿರಬೇಕಾದ ಚಿಕ್ಕದ್ದನ್ನು ನಿಧಾನವಾಗಿ ಗರಿಯ ಮೇಲೆ ಗೀರಿದ. ಗುರುಪರಂಪರೆ ಬರೆಯುವಾಗ ಏನು ಪ್ರಶ್ನೆ ಹುಡುಕಿಕೊಂಡ ಗೊತ್ತೇ? ಇಷ್ಟು ಜನ ಗುರುಗಳಲ್ಲಿ ಹಸು ಕಟ್ಟಿದವರು ಯಾರಾದರೂ ಇದ್ದರೇ ಎಂದು.

“ಇದ್ದರಾ?” ಎಂದ ಪಂಪಣ್ಣ.

“ಒಬ್ಬರಿದ್ದರು. ಕೊನೆಯ ಗರಿಯಲ್ಲಿ ಸಿಕ್ಕರು. ಅಲ್ಲಿಯ ತನಕ ಒಂದು ಸಾಲೂ ತಪ್ಪಲಿಲ್ಲ.”

“ಆಮೇಲೆ ಅವನ ಮನಸ್ಸು ನಿಂತಿತಾ ಅಜ್ಜಾ?”

“ಎಲ್ಲಿ ನಿಲ್ಲುತ್ತದೆ? ಅದು ಹೋಗುವುದು ಹೋಗುತ್ತಲೇ ಇತ್ತು. ಕೆಲಸ ಮಾತ್ರ ಕೆಡಲಿಲ್ಲ.”

ಅಷ್ಟರಲ್ಲಿ ಚಿದಾನಂದಯ್ಯನವರು ಜಗಲಿಗೆ ಬಂದರು. ಪುಸ್ತಕವನ್ನೂ ಲ್ಯಾಪ್‌ಟಾಪನ್ನೂ ತೆಗೆದುಕೊಂಡು ಹೋಗಿ ಹೊಸಬನಿಗೆ ಕೊಡಬೇಕಿತ್ತು. ಕೈಗೆತ್ತಿಕೊಂಡು ಪುಸ್ತಕ ಬಿಡಿಸಿ ನೋಡಿದರು.

“ಅಜ್ಜನವರು ಇಷ್ಟು ಹೊತ್ತು ಏನೋ ಹೇಳ್ತಾ ಇದ್ದರು. ಒಳಗಿಂದ ದನಿ ಕೇಳ್ತಿತ್ತು. ನೀನು ಒಂದಕ್ಷರ ಬರೆದಿಲ್ಲವಲ್ಲೋ ಮಾರಾಯ. ಇದಕ್ಕೇ ನಾನು ಹೇಳಿದ್ದು.”

ಪಂಪಣ್ಣ ಪುಸ್ತಕದ ಕಡೆ ನೋಡಿದ. ನಿಜ, ಒಂದಕ್ಷರ ಬರೆದಿರಲಿಲ್ಲ. ಬರೆಯಬೇಕು ಎಂಬುದೇ ಹೊಳೆದಿರಲಿಲ್ಲ. ಇದ್ದ ಒಂದು ಕೆಲಸವನ್ನೂ ತನ್ನ ಕೈಯಾರೆ ಕಳೆದುಕೊಂಡೆ ಎಂದುಕೊಂಡ. ಅಜ್ಜನವರ ಮುಖ ನೋಡಿದ. ಅವರು ಸುಣ್ಣದ ಡಬ್ಬಿಯ ಮುಚ್ಚಳ ಹಾಕುತ್ತಿದ್ದರು.

“ಬರೆದಿಲ್ಲ ಸರಿ. ಏನು ಹೇಳಿದೆ ಅಂತ ಚಿದಾನಂದಯ್ಯನಿಗೆ ಹೇಳು,” ಎಂದರು.

ಪಂಪಣ್ಣ ಅಳುಕುತ್ತಲೇ ಶುರು ಮಾಡಿದ. ಕಾಣದ ಅಕ್ಷರದ ಮಾತು ಹೇಳಿದ, ಮಸಿ ತಿಕ್ಕಿದ ಮೇಲೆ ಸಾಲಿನ ಮೇಲೆ ಸಾಲು ಎದ್ದದ್ದು ಹೇಳಿದ. ವ್ಯಾಪಾರಿ ಬಂದ. ಜಗಳವಾಯಿತು. ಸೋಮಾರಿಗಳ ಕೆಲಸ ಎಂಬಲ್ಲಿ ಸ್ವಲ್ಪ ತಡವರಿಸಿದನಾದರೂ ಬಿಡಲಿಲ್ಲ. ಕೆಂದ ಹಸುವಿನ ಹತ್ತಿರ ಬರುವಷ್ಟರಲ್ಲಿ ಅಳುಕು ಹೋಗಿತ್ತು. ಸ್ವಾಮಿಯ ಮಾತನ್ನು ಸ್ವಾಮಿ ಆಡಿದ ಹಾಗೇ ಆಡಿದ. ಕೊನೆಯ ಗರಿಯಲ್ಲಿ ಹಸು ಕಟ್ಟಿದ ಗುರು ಸಿಕ್ಕಾಗ ಚಿದಾನಂದಯ್ಯನವರು ಜಗಲಿಯ ಅಂಚಿನಲ್ಲಿ ಕೂತಿದ್ದರು. ಯಾವಾಗ ಕೂತರೋ ಅವರಿಗೇ ಗೊತ್ತಿರಲಿಲ್ಲ.

ಕತೆ ಮುಗಿಯಿತು. ಚಿದಾನಂದಯ್ಯನವರು ಎದ್ದು ಪುಸ್ತಕವನ್ನು ಪಂಪಣ್ಣನ ಒಂದು ಪಕ್ಕಕ್ಕೆ, ಲ್ಯಾಪ್‌ಟಾಪನ್ನು ಇನ್ನೊಂದು ಪಕ್ಕಕ್ಕೆ, ಮೊದಲಿದ್ದ ಹಾಗೇ ಇಟ್ಟರು. “ನಾಳೆ ಹೊತ್ತಿಗೆ ಸರಿಯಾಗಿ ಬಾ,” ಎಂದಷ್ಟೇ ಹೇಳಿ ಒಳಗೆ ಹೋದರು.

ಪಂಪಣ್ಣನ ಕೆಲಸ ಉಳಿಯಿತು. ಆದರೆ ಅವನು ಕೇಳಿದ್ದಕ್ಕೆ ಉತ್ತರ ಸಿಕ್ಕಿರಲಿಲ್ಲ. ಸಿಗದಿದ್ದರೆ ಬಿಡುವವನೂ ಅಲ್ಲ.

“ಹಾಗಾದರೆ ನಾಳೆ ಕೈಯಲ್ಲೋ, ಟೈಪಲ್ಲೋ, ಅಜ್ಜಾ?”

ಅಜ್ಜನವರು ಅಂಗಳದ ಕಡೆ ಕೈ ತೋರಿಸಿದರು.

“ಆ ಬೇವಿನ ಮರದಲ್ಲಿ ಅಳಿಲು ಆಗಿನಿಂದ ಕುಣೀತಾ ಇದೆ, ನೀನು ಒಂದು ಸಲವಾದರೂ ನೋಡಿದೆಯಾ?”