ಬಂಡೆಗೆ ಎರಚಿದ ನೀರು

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ನಮಗೆ ಒಳಿತು ಮಾಡಿದವರು ಎಂದೋ ತೀರಿಹೋಗಿದ್ದಾರೆ. ಅವರ ಹೆಸರೂ ಗೊತ್ತಿಲ್ಲ. ಅಂಥವರ ಉಪಕಾರವನ್ನು ಸ್ಮರಿಸುವುದು ಹೇಗೆ?"

ಗುರುಗಳು ಹೇಳಿದರು:

ಆಫ್ರಿಕಾದ ಮರುಭೂಮಿಯಲ್ಲಿ ಒಬ್ಬ ಒಂಟೆ ಕಾಯುವವನಿದ್ದ. ಒಮ್ಮೆ ದಾರಿ ತಪ್ಪಿದ. ಎರಡು ದಿನ ಹನಿ ನೀರಿಲ್ಲ. ಸಾಯುವುದಾದರೆ ನೆರಳಲ್ಲೇ ಸಾಯೋಣವೆಂದು ಒಂದು ಬಂಡೆಯ ಕೆಳಗೆ ಕುಳಿತ. ತಲೆಯೆತ್ತಿದರೆ ಕಲ್ಲಿನ ಮೇಲೆ ಕೆಮ್ಮಣ್ಣಿನಲ್ಲಿ ಬರೆದ ಏಳು ಜಿರಾಫೆಗಳು. ಆ ಸೀಮೆಯಲ್ಲಿ ಅವನ ಅಜ್ಜನೂ ಕಣ್ಣಾರೆ ಕಾಣದ ಮೃಗಗಳು. ಯಾವ ಕಾಲದವರು ಬರೆದದ್ದೋ! ಏಳೂ ಒಂದೇ ಕಡೆಗೆ ನಡೆದಿದ್ದವು, ಮುಂದಿನದು ಕಾಲಗಲಿಸಿ ನೀರು ಕುಡಿಯುತ್ತಿತ್ತು. ಅವು ನಡೆದ ದಿಕ್ಕಿಗೇ ಅವನೂ ತೆವಳಿದ. ನೂರು ಹೆಜ್ಜೆ ಆಚೆ, ಕಲ್ಲಿನ ಸೀಳಿನೊಳಗೆ, ಮಳೆನೀರು ನಿಂತ ದೊಣೆ ಇತ್ತು. ಹೋದ ಜೀವ ಬಂತು.

ಹೊಳೆ ದಾಟಿದ ಮೇಲೆ ಅಂಬಿಗನನ್ನು ಮರೆಯುವವನಲ್ಲ ಅವನು. ಬರೆದ ಪುಣ್ಯಾತ್ಮನಿಗೆ ಏನು ಕೊಡುವುದು? ಮರಳುಗಾಡಿನಲ್ಲಿ ನೀರಿಗಿಂತ ದೊಡ್ಡ ಕಾಣಿಕೆ ಯಾವುದಿದೆ? ಒಂದು ಬಟ್ಟಲು ನೀರು ತಂದು ಚಿತ್ರದ ಮೇಲೆ ಎರಚಿದ. ಒದ್ದೆಯಾದ ಬಣ್ಣ ಫಳಫಳ ಹೊಳೆಯಿತು. ಬರೆದವನು ಸಂತೋಷಪಟ್ಟನೆಂದೇ ತಿಳಿದ. ಕಣ್ಣು ತುಂಬಿ ಬಂತು. ಅಂದಿನಿಂದ ಆ ಕಡೆ ಹೋದಾಗಲೆಲ್ಲ ಬಂಡೆಗೆ ಒಂದು ಬಟ್ಟಲು ಎರಚದೆ ತಾನು ಕುಡಿಯುತ್ತಿರಲಿಲ್ಲ. ಹೆಂಡತಿಗೂ ಹೇಳಿಟ್ಟಿದ್ದ: "ಎಂದಾದರೂ ಅಲ್ಲಿ ನೀರಿಲ್ಲದೆ ಸಿಕ್ಕಿಕೊಂಡರೆ, ಜಿರಾಫೆಗಳು ನಡೆದ ಕಡೆಗೆ ನಡೆ."

ಇಪ್ಪತ್ತು ವರ್ಷ ಕಳೆಯಿತು. ಒಂದು ದಿನ ಮರಳುಗಾಳಿಗೆ ಸಿಕ್ಕಿ ಹೆಂಡತಿ ಒಂಟೆಗಳ ಸಾಲಿನಿಂದ ಬೇರೆಯಾದಳು. ಮೂರನೆಯ ದಿನ ಅದೇ ಬಂಡೆಯ ಬುಡದಲ್ಲಿ ಸಿಕ್ಕಳು. ತುಟಿ ಒಡೆದಿತ್ತು, ಉಸಿರು ಮಾತ್ರ ಇತ್ತು. ಅವನು ದೊಣೆಗೆ ಓಡಿ ನೀರು ತಂದು ಹನಿಹನಿಯಾಗಿ ಬಾಯಿಗೆ ಬಿಟ್ಟ.

"ಇಷ್ಟು ಹತ್ತಿರ ಬಂದು ಯಾಕೆ ಕುಳಿತುಬಿಟ್ಟೆ?" ಎಂದು ಅತ್ತ.

"ನಿಮ್ಮ ಜಿರಾಫೆಗಳನ್ನು ಬಂಡೆಬಂಡೆಯಲ್ಲೂ ಹುಡುಕಿದೆ," ಎಂದಳು ಅವಳು. "ಎಲ್ಲಿವೆ?"

ಅವನು ತಲೆಯೆತ್ತಿ ನೋಡಿದ. ಕಲ್ಲು ಬೋಳಾಗಿತ್ತು. ಎರಚಿದ ನೀರಿಗೆ ಬಣ್ಣವೆಲ್ಲ ತೊಳೆದುಹೋಗಿತ್ತು. ಎಲ್ಲಿವೆಯೆಂದು ಗೊತ್ತಿದ್ದ ಅವನ ಕಣ್ಣಿಗೆ ಮಾತ್ರ ಅವು ಇಷ್ಟು ದಿನ ಕಂಡಿದ್ದವು.

ಹೆಂಡತಿಯ ಜೀವ ಉಳಿಯಿತಲ್ಲ ಎಂದು ಬಂಡೆಗೆ ಹಣೆಯೊತ್ತಿ ನಿಂತ. ಆ ದಿನ ನೀರು ಎರಚಲಿಲ್ಲ. ಕೆಂಪು ಕಲ್ಲು ಅರೆದು, ಒಂಟೆಯ ಹಾಲಿನಲ್ಲಿ ಕಲಸಿ, ಬೆರಳಿನಿಂದ ಏಳು ಜಿರಾಫೆ ಬರೆದ. ಜೀವಮಾನದಲ್ಲಿ ಒಂದು ಗೆರೆ ಎಳೆದವನಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ: "ಅವನ ಚಿತ್ರ ಮೊದಲಿನದರಷ್ಟು ಚೆನ್ನಾಗಿತ್ತೇ?"

"ಬಾಯಾರಿ ಬಂದವರು ಯಾರೂ ಅದನ್ನು ಕೇಳಲಿಲ್ಲ," ಎಂದರು ಗುರುಗಳು.