ಹೆಗಲಿನ ಅಚ್ಚು

ಮಲಪ್ರಭೆಯ ದಂಡೆಯ ಮೇಲೆ ನಿರುಪಾದಜ್ಜನವರ ಆಶ್ರಮ. ಆಶ್ರಮ ಅಂದರೆ ಎರಡು ಕೋಣೆ, ಒಂದು ಬೇವಿನ ಮರ, ಮರದ ಕೆಳಗೊಂದು ಕಲ್ಲಿನ ಬಾನಿ.

ಬಾನಿಯಲ್ಲಿ ಯಾವಾಗಲೂ ಹಳೆಯ ಅರಿವೆ ನೆನೆಯುತ್ತಿರುತ್ತಿತ್ತು. ಅದನ್ನು ಕುಟ್ಟಿ, ಅರೆದು, ಗಂಜಿಯ ಹದಕ್ಕೆ ತಂದು ಅಜ್ಜ ಕಾಗದ ಮಾಡುತ್ತಿದ್ದರು. ಮನಸ್ಸು ಬಂದರೆ ಆ ಗಂಜಿಯನ್ನು ಮರದಲ್ಲಿ ಕೊರೆದ ಅಚ್ಚಿಗೆ ತುಂಬಿ ಒಣಗಿಸುತ್ತಿದ್ದರು. ಆಗ ಅಚ್ಚಿನಿಂದ ಕಾಗದದ ಎಲೆಯೋ ಮೀನೋ ಎದ್ದು ಬರುತ್ತಿತ್ತು. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದು, ಊದಿದರೆ ಹಾರುವಷ್ಟು ಹಗುರ.

ಇಂಥ ನಾಜೂಕಿನ ಕೆಲಸಕ್ಕೆ ಶಿಷ್ಯನಾಗಿ ಬಂದವನು ಅಡಿವೆಪ್ಪ ಪೈಲ್ವಾನ. ಬಾಗಿಲಲ್ಲಿ ಅಡ್ಡ ತಿರುಗಿಯೇ ಒಳಗೆ ಬರಬೇಕು, ಅಂಥ ಆಳು.

"ಯಾಕ ಬಂದಿ?" ಅಜ್ಜ ಕೇಳಿದರು.

"ಹೊಳಿ ಆಚಿ ಪ್ಯಾಟ್ಯಾಗ ಕುಸ್ತಿ ಸೋತೇನ್ರಿ ಅಜ್ಜಾರ. ದಾವಲಸಾಬ ನನ್ನ ಚಿತ್ ಮಾಡಿದ. ಮಂದಿ ಸೀಟಿ ಹೊಡದು ನಕ್ರು. ಮ್ಯಾಲೆ ಅಂವ ನನ್ನ ಎಬ್ಬಸಾಕ ಕೈ ಬ್ಯಾರೆ ಚಾಚಿದ! ಆ ಕೈ ಝಾಡಿಸಿ ಎದ್ದ ಬಂದೆ. ಇನ್ನ ಆ ಊರಿಗೆ ಮಾರಿ ತೋರಸಂಗಿಲ್ರಿ."

"ಬ್ಯಾಡ ಬಿಡು. ಅರಿವಿ ಕುಟ್ಟು."

ಅಡಿವೆಪ್ಪ ಕುಟ್ಟಿದ. ಮೊದಲ ದಿನವೇ ಒನಕೆ ಮುರಿಯಿತು.

ಅಜ್ಜ ಅವನ ಕೈಗೆ ಮೀನಿನ ಅಚ್ಚು ಕೊಟ್ಟರು. ಅಡಿವೆಪ್ಪ ಗಂಜಿ ತುಂಬಿ, ಮೊಣಕಾಲೂರಿ, ಎದುರಾಳಿಯನ್ನು ಅದುಮಿದ ಹಾಗೆ ಅದುಮಿದ. ಒಣಗಿದ ಮೇಲೆ ಮೀನು ಅಚ್ಚನ್ನು ಕಚ್ಚಿಕೊಂಡು ಕೂತಿತ್ತು. ಚಾಕುವಿನಿಂದ ಮೀಟಿದರೆ ತಲೆ ಒಂದು ಕಡೆ, ಬಾಲ ಒಂದು ಕಡೆ.

"ಅಜ್ಜಾರ, ಇದು ಅಚ್ಚು ಬಿಡವಲ್ದು."

"ನೀ ಅದನ್ನ ಬಿಟ್ಟೀಯೇನು? ಕಾಗದದ ಜೋಡಿ ಕುಸ್ತಿ ಹಿಡೀಬ್ಯಾಡೋ ತಮ್ಮಾ. ಮೆತ್ತಗ ಅರಿವೀಲೆ ಒತ್ತಿ ನೀರ ತಗಿ. ಒಣಗಿದಂಗ ಅದ ತಾನ ಸಣ್ಣಾಗಿ ಹೊರಗ ಬರತೈತಿ."

ಹಾಗೆ ಮಾಡಿದ. ಮೀನು ತಾನಾಗಿಯೇ ಅಚ್ಚು ಬಿಟ್ಟಿತು. ಅಡಿವೆಪ್ಪ ಅದನ್ನು ಅಂಗೈ ಮೇಲಿಟ್ಟುಕೊಂಡು ಆಶ್ರಮದ ತುಂಬ ಕುಣಿದ. ಬೇವಿನ ಮರದ ಕಾಗೆಗಳೆಲ್ಲ ಎದ್ದು ಹೋದವು.

ಆಮೇಲೆ ಅವನಿಗೆ ಹುಚ್ಚೇ ಹಿಡಿಯಿತು. ತಾನೇ ಅಚ್ಚು ಕೊರೆಯತೊಡಗಿದ. ತಾನು ಗೆದ್ದ ಗದೆ, ಗೆದ್ದ ಕಡಗ, ಗೆದ್ದಾಗ ತಲೆಗೆ ಸುತ್ತಿದ ಪಟಗ, ಎಲ್ಲವನ್ನೂ ಕಾಗದದಲ್ಲಿ ಎಬ್ಬಿಸಿದ. ಪಟಗದ ಒಂದೊಂದು ಸುತ್ತೂ ಎಣಿಸಬಹುದಿತ್ತು. ಕೆಲಸ ನಿಜಕ್ಕೂ ಚೆನ್ನಾಗಿತ್ತು.

"ಬರೇ ಗೆದ್ದದ್ದ ಮಾಡೀಯಲ್ಲೋ," ಅಂದರು ಅಜ್ಜ.

"ಸೋತದ್ದ ಯಾರ ನೋಡ್ತಾರ್ರೀ?"

ಅಜ್ಜ ಬಾನಿಯ ಅರಿವೆ ತಿರುವಿದರು.

ಒಂದು ದಿನ ಅಡಿವೆಪ್ಪ ಕೈ ಕಟ್ಟಿಕೊಂಡು ನಿಂತ. "ಅಜ್ಜಾರ, ಪ್ಯಾಟ್ಯಾಗ ಇವನ್ನ ಪ್ರದರ್ಶನಕ್ಕ ಇಡಬೇಕಂತೀನಿ."

"ಆ ಊರಿಗೆ ಮಾರಿ ತೋರಸಂಗಿಲ್ಲ ಅಂದಿದ್ದಿ?"

"ಈಗ ತೋರಸ್ತೀನ್ರಿ. ಸೀಟಿ ಹೊಡದ ಬಾಯೀಲೆ ಶಾಬಾಸ್ ಅನಸ್ತೀನಿ. ಅನಲಿಲ್ಲಂದ್ರ ಅಚ್ಚೆಲ್ಲಾ ಒಲಿಗೆ ಹಾಕ್ತೀನಿ. ಇನ್ನೆಂದೂ ಈ ಕೆಲಸ ಮುಟ್ಟಂಗಿಲ್ಲ."

ಮೀನು ಎದ್ದ ದಿನದಿಂದ ಅವನಿಗೆ ಈ ಕೆಲಸ ಜೀವಕ್ಕಿಂತ ಹೆಚ್ಚಾಗಿತ್ತು. ಆದರೂ ಆಡಿದ ಮಾತಿಗೆ ತಪ್ಪುವ ಆಳಲ್ಲ ಅವನು. ಅದು ಅಜ್ಜನಿಗೂ ಗೊತ್ತಿತ್ತು.

"ಆತು. ಆದ್ರ ಒಂದ ಸಾಮಾನು ಕಮ್ಮಿ ಬೀಳತೈತಿ. ನಡಿ ಹೊಳಿಗೆ."

ಹೊಳೆಯ ನೀರು ಇಳಿದು ದಂಡೆಯಲ್ಲಿ ಮೆತ್ತನೆಯ ರೇವೆ ಮಣ್ಣು ನಿಂತಿತ್ತು. ಅಡಿವೆಪ್ಪ ಅಂಗಿ ಕಳಚಿ ಸ್ನಾನಕ್ಕೆ ಹೊರಟ. ಹಿಂದಿನಿಂದ ಅಜ್ಜ ತಮ್ಮ ಕೋಲಿನ ಕೊಕ್ಕೆಯನ್ನು ಅವನ ಕಾಲಿಗೆ ಹಾಕಿ ಎಳೆದರು.

ಪೈಲ್ವಾನ ದಪ್ಪನೆ ಅಂಗಾತ ಬಿದ್ದ.

"ಅಜ್ಜಾರ! ಇದೇನ್ರಿ?"

"ಮುದುಕನ ಕೈಲೂ ಚಿತ್ ಆದ್ಯಲ್ಲೋ!" ಅಜ್ಜ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಕೈ ಚಾಚಿದರು. "ಹೊರಳ್ಯಾಡಬ್ಯಾಡ, ಗುಳಿ ಕೆಡತೈತಿ. ನನ್ನ ಕೈ ಹಿಡದು ನೆಟ್ಟಗ ಏಳು."

ಚಾಚಿದ ಕೈ ಹಿಡಿಯುವುದು ಅವನಿಗೆ ರೂಢಿ ಇರಲಿಲ್ಲ. ಗುರುವಿನ ಕೈ, ಏನು ಮಾಡುವುದು? ಹಿಡಿದ, ಎದ್ದ.

ರೇವೆಯಲ್ಲಿ ಅವನ ಬಲ ಹೆಗಲು ಬಿದ್ದ ಗುಳಿ ಸ್ಪಷ್ಟವಾಗಿ ಮೂಡಿತ್ತು.

"ಇದಕ್ಕ ಗಂಜಿ ತುಂಬು," ಅಂದರು ಅಜ್ಜ.

"ನಾ ಬಿದ್ದ ಗುರ್ತಿಗೇನ್ರಿ?"

"ಅಚ್ಚು ಅಂದ್ರ ಗುಳಿ ಅಲ್ಲೇನು? ಉಬ್ಬಿದ ಅಚ್ಚಿನ್ಯಾಗ ಏನ ತುಂಬ್ತಿ?"

ಅಡಿವೆಪ್ಪ ಗೊಣಗುತ್ತಲೇ ತುಂಬಿದ. ಆದರೆ ಮೆತ್ತಗೆ ತುಂಬಿದ, ಅರಿವೆಯಿಂದ ಮೆತ್ತಗೆ ನೀರು ತೆಗೆದ. ಬಿಸಿಲಿಗೆ ಅದು ಒಣಗಿ, ಅಂಚು ಬಿಟ್ಟು, ತಾನಾಗಿ ಮೇಲೆದ್ದಿತು.

ತಿರುಗಿಸಿ ನೋಡಿದ. ಎರಡು ಅಂಗೈ ಅಗಲದ ಹೆಗಲು. ಒಂದು ಬಿಗಿದ ನರ, ಒಂದು ಹಳೆಯ ಗಾಯದ ಗೆರೆ. ತನ್ನ ಬೆನ್ನನ್ನು ಅವನು ಎಂದೂ ಕಂಡಿರಲಿಲ್ಲ. ಯಾರು ಕಂಡಿರುತ್ತಾರೆ? ಆ ಗೆರೆಯ ಮೇಲೆ ಮೆತ್ತಗೆ ಬೆರಳಾಡಿಸಿದ.

ಪೇಟೆಯ ವಾಚನಾಲಯದ ಮೇಲಿನ ಕೋಣೆಯಲ್ಲಿ ಪ್ರದರ್ಶನ. ಕುಸ್ತಿಯ ಕಣದಲ್ಲಿ ಹಾಕುವ ಹಾಗೆ ಅಡಿವೆಪ್ಪ ನಾಲ್ಕೂ ಕಡೆ ದೊಡ್ಡ ದೀಪ ಹಾಕಿಸಿದ. ಗದೆ, ಕಡಗ, ಪಟಗ ನಡುವಿನ ಗೋಡೆಯ ಮೇಲೆ. ಹೆಗಲನ್ನು ಮಾತ್ರ, ಅಜ್ಜನ ಒತ್ತಾಯಕ್ಕೆ, ಪಡುವಣ ಕಿಟಕಿಯ ಮಗ್ಗುಲ ಗೋಡೆಗೆ ತೂಗುಹಾಕಿದ. ಆ ಕಿಟಕಿ ಮುಚ್ಚಿಯೇ ಇತ್ತು.

ಸಂಜೆಗೆ ಮಂದಿ ಬಂದರು. ಬಂದವರು ಗೋಡೆ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಸುಣ್ಣಾ ಚೊಲೋ ಹಚ್ಚ್ಯಾರ ನೋಡು," ಅಂದ ಒಬ್ಬ.

"ಬಿಳೀ ಗ್ವಾಡಿ ಮ್ಯಾಲೆ ಬಿಳೀ ಕಾಗದ. ಏನ ನೋಡೂದು?" ಅಂದ ಇನ್ನೊಬ್ಬ. ಯಾರೋ ಹಿಂದೆ ಸಣ್ಣಗೆ ಸೀಟಿ ಹೊಡೆದರು.

ಅಡಿವೆಪ್ಪನ ಅಂಗಿ ಬೆವರಿನಿಂದ ತೊಯ್ದುಹೋಯಿತು. ಅಜ್ಜನ ಹತ್ತಿರ ಬಂದ. ಕಣ್ಣಲ್ಲಿ ನೀರಿತ್ತು.

"ಮುಗೀತ್ರಿ ಅಜ್ಜಾರ. ಅಚ್ಚು ಒಲಿಗೆ ಹಾಕೂದ."

"ಹಾಕುವಂತಿ. ಒಲಿ ಎಲ್ಲಿಗೂ ಓಡಿ ಹೋಗೂದಿಲ್ಲ."

ಅಜ್ಜ ನಿಧಾನಕ್ಕೆ ನಡೆದು ಹೋಗಿ ಒಂದೊಂದೇ ಬಟನ್ ಒತ್ತಿದರು. ದೀಪಗಳೆಲ್ಲ ಆರಿದವು.

"ಕರೆಂಟ್ ಹೋತಲೇ!" ಮಂದಿ ಕೂಗಿದರು.

ಅಜ್ಜ ಪಡುವಣ ಕಿಟಕಿ ತೆರೆದರು. ಇಳಿಯುವ ಬಿಸಿಲು ಓರೆಯಾಗಿ ಒಳಗೆ ಬಂತು.

ಕೂಗು ನಿಂತಿತು. ಬರಿಯ ಗೋಡೆಯಿಂದ ಗದೆ ಎದ್ದಿತು. ಕಡಗ ಎದ್ದಿತು. ಪಟಗದ ಸುತ್ತು ಸುತ್ತಿಗೂ ಒಂದೊಂದು ನೆರಳು ಬಂತು. ಎಲ್ಲಕ್ಕಿಂತ ಹೆಚ್ಚಾಗಿ ಎದ್ದು ಕಂಡದ್ದು ಕಿಟಕಿಯ ಮಗ್ಗುಲಿನ ಆ ಹೆಗಲು.

"ದೀಪಾ ಆರಿಸಿದ ಮ್ಯಾಲೆ ಹೆಂಗ ಕಾಣಾಕತ್ತೂವ್ರಿ?" ಅಡಿವೆಪ್ಪ ಪಿಸುಗುಟ್ಟಿದ.

"ನೀ ನೆರಳಿಗೆ ನಿಂದರಾಕ ಜಾಗಾನ ಕೊಟ್ಟಿದ್ದಿಲ್ಲ."

ಹೆಗಲಿನ ಮುಂದೆ ಒಬ್ಬ ನಿಂತಿದ್ದ. ಉಳಿದವರು ಸುತ್ತಾಡಿದರೂ ಅವನು ಅಲ್ಲಾಡಲಿಲ್ಲ. ಅಡಿವೆಪ್ಪ ಅವನ ಕಿವಿ ನೋಡಿ ಗುರುತು ಹಿಡಿದ. ಕುಸ್ತಿಯಲ್ಲಿ ಜಜ್ಜಿದ ಕಿವಿ. ದಾವಲಸಾಬ.

ಅಡಗಿಕೊಳ್ಳಲು ಸುತ್ತ ನೋಡಿದ. ಅವನನ್ನು ಅಡಗಿಸುವಷ್ಟು ದೊಡ್ಡ ಕಂಬ ಆ ವಾಚನಾಲಯದಲ್ಲಿ ಇರಲಿಲ್ಲ.

"ಅಡಿವೆಪ್ಪಣ್ಣಾ," ದಾವಲಸಾಬ ತಿರುಗಿ ನೋಡದೆಯೇ ಅಂದ, "ಈ ಹೆಗಲ ನನಗ ಗುರ್ತ ಐತಿ. ಇದನ್ನ ನೆಲಕ್ಕ ಹಚ್ಚೂದ್ರಾಗ ನನ್ನ ಜೀವಾ ಬಾಯಿಗೆ ಬಂದಿತ್ತು. ಇಂಥಾ ಹೆಗಲ ಮತ್ತ ನನಗ ಸಿಕ್ಕಿಲ್ಲ. ಸೀಟಿ ಹೊಡದಾವ್ರಿಗೆ ಇದೇನ ಗೊತ್ತು?"

ಕೋಣೆಯಲ್ಲಿದ್ದವರೆಲ್ಲ ಹೆಗಲಿನ ಹತ್ತಿರ ಸೇರಿದರು. ಒಬ್ಬ ಮುದುಕ ಬಗ್ಗಿ ಆ ಗಾಯದ ಗೆರೆ ನೋಡಿದ.

"ಶಾಬಾಸ್," ಅಂದ.

ದಾವಲಸಾಬ ತಿರುಗಿ ಕೈ ಚಾಚಿದ. ಅಡಿವೆಪ್ಪ ಈ ಸಲ ಝಾಡಿಸಲಿಲ್ಲ. ಎರಡೂ ಕೈಯಿಂದ ಹಿಡಿದುಕೊಂಡ.

ಸ್ವಲ್ಪ ಹೊತ್ತಿನ ಮೇಲೆ ಮೂಗು ಒರೆಸಿಕೊಂಡು ಅಜ್ಜನ ಹತ್ತಿರ ಬಂದ.

"ಅಜ್ಜಾರ, ಹೆಗಲಿನ ಕೆಳಗ ಮಾಡಿದಾವ್ರ ಹೆಸರು ಬರೀಬೇಕಂತ. ಗಂಜಿ ತುಂಬಿದಾಂವ ನಾ. ಆದ್ರ ಕೆಡವಿ ಅಚ್ಚು ಮಾಡಿದಾವ್ರು ನೀವು. ನಿಮ್ಮ ಹೆಸರ ಬರೀಲೇನ್ರಿ?"

ಅಜ್ಜ ಕೋಲೆತ್ತಿ ದಾವಲಸಾಬನ ಕಡೆ ತೋರಿಸಿದರು.

"ನಾ ಎರಡನೇ ಸಲ ಕೆಡವಿದಾಂವ. ಮೊದಲ ಅಚ್ಚು ಅವಂದು. ಹೆಸರು ಆಮ್ಯಾಲೆ ಬರೀವಂತಿ, ಮೊದಲ ಅವಗೊಂದ ಚಾ ಹೇಳು."